ಹಾಡುಹಗಲಿನ ತುತ್ತು

ಆ ಕ್ಷಮಾಪಣೆ ಪತ್ರವನ್ನು ಬರೆದವಳು ನಾನು. ಅಕ್ಷರ ನನ್ನದು, ವಾಕ್ಯ ನನ್ನದು, ‘ಅಸಭ್ಯ’ ಎಂಬ ಪದವನ್ನು ಆಯ್ದವಳೂ ನಾನೇ. ಒಂಬತ್ತು ವರ್ಷಗಳಿಂದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ನನ್ನ ಪತ್ರದಲ್ಲಿ ತಿದ್ದಬೇಕಾದ ಅಕ್ಷರ ಒಂದೂ ಇರಲಿಲ್ಲ. ಆದರೆ ಪತ್ರವೇ ತಪ್ಪಾಗಿತ್ತು. ಅದನ್ನು ಯಾರ ಪರವಾಗಿ ಬರೆದೆ, ಯಾಕೆ ಬರೆದೆ ಎಂಬುದನ್ನು ಮುಚ್ಚಿಡದೆ ಹೇಳಬೇಕಾಗಿದೆ.

ನನ್ನ ಅವ್ವನ ಹೆಸರು ಪುಟ್ಟಲಿಂಗಮ್ಮ. ವಿಜಯನಗರ ಬಡಾವಣೆಯ ಒಂದು ಉದ್ಯಾನದಲ್ಲಿ ಆರು ವರ್ಷ ಕಸ ಗುಡಿಸಿದಳು. ಆ ಬಡಾವಣೆ ಬರುವ ಮೊದಲು ಅಲ್ಲೆಲ್ಲ ಹೊಲಗಳಿದ್ದವಂತೆ. ಈಗ ಉದ್ಯಾನವಿರುವ ಜಾಗದಲ್ಲಿ ನನ್ನ ಅಜ್ಜಿ ಕಳೆ ಕಿತ್ತಿದ್ದಳಂತೆ. ಅಜ್ಜಿ ಬಗ್ಗಿದ ನೆಲದಲ್ಲೇ ಅವ್ವನೂ ಬಗ್ಗಿದಳು. ನಡುವೆ ಊರು ನಗರವಾಯಿತು ಎನ್ನುತ್ತಾರೆ.

ಬೆಳಗಿನ ಆರಕ್ಕೆ ಕೆಲಸ ಶುರು. ನಡಿಗೆಯ ದಾರಿಯನ್ನು ಗುಡಿಸಬೇಕು, ಹೊಂಗೆಯ ಎಲೆ ಬಳಿದು ಗುಡ್ಡೆ ಹಾಕಬೇಕು. ಸಾಕಿದವರು ಸರಪಳಿ ಹಿಡಿದು ತಂದ ನಾಯಿಗಳು ಮಾಡಿದ ಹೇಲನ್ನು ಸಿಮೆಂಟ್ ಚೀಲದ ಚೂರಿನಲ್ಲಿ ಎತ್ತಬೇಕು. ಕೈಗವಸು ಕೊಡುತ್ತೇವೆಂದು ಉದ್ಯಾನ ಸಮಿತಿ ಪ್ರತಿ ವರ್ಷದ ಸಭೆಯಲ್ಲೂ ಹೇಳಿತು. ಉದ್ಯಾನದಲ್ಲಿ ಒಂದು ಶೌಚಾಲಯವಿದೆ. ಅದನ್ನು ತೊಳೆಯುವವಳು ಅವ್ವ. ಬೀಗದ ಕೈ ಮಾತ್ರ ಸಮಿತಿಯವರ ಮನೆಯಲ್ಲಿ. ಹಾಗಾಗಿ ಅವ್ವ ಮಧ್ಯಾಹ್ನ ಮೂರರವರೆಗೆ ನೀರು ಕುಡಿಯುತ್ತಿರಲಿಲ್ಲ. ಅವಳ ಉಚ್ಚೆಯಲ್ಲಿ ಎರಡು ಸಲ ರಕ್ತ ಬಂತು. ಇದನ್ನು ಅವಳು ನನಗೆ ಹೇಳಲಿಲ್ಲ. ಅತ್ತಿಗೆ ರಂಜನಿ ಹೇಳಿದಳು.

ನಾವು ದಲಿತರು. ಈ ಪದವನ್ನು ಸಮಿತಿಯಲ್ಲಿ ಯಾರೂ ಬಳಸುವುದಿಲ್ಲ. ‘ನಿಮ್ಮ ಕಡೆಯವರು’ ಎನ್ನುತ್ತಾರೆ. ಅವರ ಸಭ್ಯತೆ ಅಷ್ಟು ಸೂಕ್ಷ್ಮವಾದದ್ದು.

ಮೂರು ವರ್ಷದ ಹಿಂದೆ ಅವ್ವನಿಗೆ ಇನ್ನೊಂದು ಕೆಲಸ ಸೇರಿತು. ಉದ್ಯಾನಕ್ಕೆ ಹುಡುಗ ಹುಡುಗಿಯರು ಬರತೊಡಗಿದ್ದರು. ಕಾಲೇಜಿನವರು, ಅಂಗಡಿಗಳಲ್ಲಿ ಕೆಲಸ ಮಾಡುವವರು, ಹೊಸದಾಗಿ ಮದುವೆಯಾದವರೂ ಇದ್ದರು. ಬೆಂಚಿನ ಮೇಲೆ ಕೂರುತ್ತಿದ್ದರು. ಕೈ ಹಿಡಿದುಕೊಳ್ಳುತ್ತಿದ್ದರು. ಒಬ್ಬರ ಹೆಗಲಿಗೆ ಇನ್ನೊಬ್ಬರು ತಲೆ ಒರಗಿಸುತ್ತಿದ್ದರು. ಇವರನ್ನು ಎಬ್ಬಿಸುವುದು ಹೇಗೆ ಎಂದು ಸಮಿತಿ ಸಭೆ ಸೇರಿತು. ಪೊಲೀಸರಿಗೆ ಹೇಳಿದರೆ ದೂರು ಬರೆದುಕೊಡಿ ಎಂದರಂತೆ. ಹೆಸರು ಹಾಕಿ ಬರೆದುಕೊಡಲು ಯಾರೂ ತಯಾರಿರಲಿಲ್ಲ. ಆಗ ಸಮಿತಿಯ ಸದಸ್ಯೆ ಮಂಗಳಮ್ಮನವರು ಉಪಾಯ ಹೇಳಿದರು. ಅವರ ಮನೆ ಉದ್ಯಾನದ ಬೇಲಿಗೆ ಅಂಟಿಕೊಂಡೇ ಇದೆ.

“ನಾವು ಹೋಗಿ ಹೇಳಿದ್ರೆ ಜಗಳ ಆಯ್ತದೆ ಕಣ್ರೀ. ಪುಟ್ಟಲಿಂಗಿ ಪರ್ಕೆ ಇಡ್ಕೊಂಡು ಹತ್ರ ಹೋಗಿ ಗುಡಿಸ್ಲಿ. ಪರ್ಕೆ ತಾಗಿಸ್ಕೊಳ್ಳೋಕೆ ಯಾರಿಗಿಷ್ಟ? ತಾವೇ ಎದ್ದೋಯ್ತವೆ.”

ಎಲ್ಲರೂ ಮೆಚ್ಚಿದರು. ಪೊರಕೆ ಮೈಗೆ ಸೋಕಿದರೆ ದರಿದ್ರ ಎಂಬ ನಂಬಿಕೆ ಎಲ್ಲರ ಮನೆಯಲ್ಲೂ ಇದೆ. ಆ ಪೊರಕೆಯನ್ನು ಹಿಡಿದ ಕೈ ಯಾವುದು ಎಂಬ ಲೆಕ್ಕವೂ ಅದರೊಳಗೆ ಸೇರಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಅಲ್ಲಿ ಯಾರಿಗೂ ಬೀಳಲಿಲ್ಲ.

ಅಂದಿನಿಂದ ಅದೇ ಪದ್ಧತಿ. ಸಮಿತಿಯ ಅಧ್ಯಕ್ಷ ರವಿಚಂದ್ರ ಕಟ್ಟಡ ಸಾಮಗ್ರಿಯ ವ್ಯಾಪಾರಿ, ಅವ್ವನಿಗಿಂತ ಹತ್ತು ವರ್ಷ ಚಿಕ್ಕವರು. ನಡಿಗೆಯ ದಾರಿಯಲ್ಲಿ ಕೈ ಬೀಸುತ್ತಾ ಬಂದು, ನಿಲ್ಲದೆ, ಗಲ್ಲ ಎತ್ತಿ ತೋರಿಸುವರು. “ಪುಟ್ಟಲಿಂಗೀ, ಅಲ್ನೋಡು.” ಅವ್ವ ಕಡ್ಡಿಪೊರಕೆ ಹಿಡಿದು ಆ ಬೆಂಚಿನ ಬಳಿ ಹೋಗುವಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವಳು. ಧೂಳು ಏಳುವುದು. ಕೂತವರು ಕಾಲು ಎತ್ತುವರು, ಮುಖ ಮುಚ್ಚುವರು, ಆಮೇಲೆ ತಲೆ ತಗ್ಗಿಸಿ ಹೊರಡುವರು. ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಇದಕ್ಕೆ ‘ಧೂಳು ಸೇವೆ’ ಎಂದು ಹೆಸರು.

ಒಂದು ದಿನ ಬಟ್ಟೆ ಅಂಗಡಿಯ ಸಮವಸ್ತ್ರದಲ್ಲೇ ಬಂದ ಹುಡುಗಿಯೊಬ್ಬಳು ಕೈ ಮುಗಿದಳಂತೆ. “ಅಮ್ಮಾ, ಇನ್ನೊಂದತ್ ನಿಮಿಷ ಕಣಮ್ಮ. ಏನೂ ಮಾಡ್ತಿಲ್ಲ ನಾವು. ಕೈ ಇಡ್ಕೊಂಡಿದೀವಿ ಅಷ್ಟೇ.” ಅವ್ವ ನಿಂತಳು. ಹಿಂದಿನಿಂದ ರವಿಚಂದ್ರ ಕೆಮ್ಮಿದರು. ಅವ್ವ ಗುಡಿಸಿದಳು. ಧೂಳು ಹುಡುಗಿಯ ಕಣ್ಣಿಗೆ ಬಿತ್ತು. ಹುಡುಗ ಅವಳ ರೆಪ್ಪೆ ಬಿಡಿಸಿ ಉಫ್ ಎಂದು ಊದಿದ. “ಇನ್ನೂ ಒಸಿ ಜೋರಾಗಿ ಗುಡ್ಸು” ಎಂದರು ರವಿಚಂದ್ರ. “ಮುಖಕ್ಕೆ ಮುಖ ಇಟ್ಟವ್ನೆ ನೋಡು, ನಾಚ್ಕೆ ಇಲ್ದೋನು.”

ಧೂಳೆಬ್ಬಿಸಿದವರು ಇವರು. ಅದನ್ನು ಊದಿ ತೆಗೆದವನಿಗೆ ನಾಚಿಕೆಯಿಲ್ಲ.

ಅಂದು ಅವ್ವ ಇದನ್ನು ಮನೆಯಲ್ಲಿ ಹೇಳಿದಾಗ ನಾನು ಏನೆಂದೆ ಎಂಬುದನ್ನೂ ಬರೆಯಬೇಕು. ನಾನು ಮೌಲ್ಯಶಿಕ್ಷಣದ ಪಾಠವನ್ನೂ ಮಾಡುವವಳು. “ಸಾರ್ವಜನಿಕ ಜಾಗ ಅವ್ವ ಅದು. ಶಿಸ್ತು ಬೇಡ್ವಾ? ಅವ್ರಿಗೆ ಮನೆ ಇಲ್ವಾ?” ಎಂದಿದ್ದೆ.

ಅವ್ವ ನಮ್ಮ ಮನೆಯನ್ನು ಸುತ್ತ ನೋಡಿದಳು. ಬಡಾವಣೆಗೆ ಹತ್ತಿರದ ಹಿನಕಲ್ಲಿನ ಹಳೆಯ ಬೀದಿಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ. ನಡುವೆ ಹಳೆಯ ಸೀರೆಯ ಪರದೆ. ಪರದೆಯ ಆಚೆ ಅಣ್ಣ ಅಶೋಕ, ಅತ್ತಿಗೆ, ಇಬ್ಬರು ಮಕ್ಕಳು. ಈಚೆ ಅವ್ವ, ಅಪ್ಪ, ನಾನು. “ಮನೆ ಇದ್ದಿದ್ರೆ ಅಲ್ಯಾಕ್ ಕೂತಾರು ಮಗಾ?” ಎಂದಳು ಅವ್ವ. ನಾನು ಉತ್ತರ ಪತ್ರಿಕೆಗಳನ್ನು ತಿದ್ದುವುದರಲ್ಲಿ ಮುಳುಗಿದಂತೆ ನಟಿಸಿದೆ.

ನನ್ನ ಅಪ್ಪ ಮೂಗಯ್ಯ. ಒಳಚರಂಡಿಯ ಕೆಲಸ. ರಸ್ತೆಯ ನಡುವಿನ ಕಬ್ಬಿಣದ ಮುಚ್ಚಳ ಎತ್ತಿ, ಕಟ್ಟಿಕೊಂಡದ್ದನ್ನು ಬಿಡಿಸುವವನು. ಕಳೆದ ಫೆಬ್ರವರಿಯಲ್ಲಿ ಹಾರೆ ಜಾರಿ ಮುಚ್ಚಳ ಬಲಗೈಯ ಮೇಲೆ ಬಿತ್ತು. ಎರಡು ಬೆರಳು ಹೋದವು. ಉಳಿದವನ್ನು ಮುಂಗೈವರೆಗೆ ಸುತ್ತಿ ಕಟ್ಟಿದರು. ಗುತ್ತಿಗೆದಾರ ಆಸ್ಪತ್ರೆಯ ಬಾಗಿಲವರೆಗೆ ಬಂದ. ಫೋನ್ ಬಂತೆಂದು ಹೊರಗೆ ಹೋದವನು ಮತ್ತೆ ಒಳಗೆ ಬರಲಿಲ್ಲ.

ಕೈ ಹೋದ ಮೇಲೆ ಊಟದ ಕಷ್ಟ ಶುರುವಾಯಿತು. ಓದಿದವರಿಗೆ ಇದು ಸಣ್ಣ ಸಂಗತಿ ಎನ್ನಿಸಬಹುದು. ಅಪ್ಪ ಎಡಗೈಯಲ್ಲಿ ಉಣ್ಣಲಾರ. ಅರವತ್ತು ವರ್ಷ ಎಡಗೈಯನ್ನು ಅನ್ನಕ್ಕೆ ಮುಟ್ಟಿಸದವನು. ನಾನು ಚಮಚ ತಂದುಕೊಟ್ಟೆ. ಮುದ್ದೆಯನ್ನು ಚಮಚದಲ್ಲಿ ಮುರಿದು, ಸಾರಿಗೆ ಅದ್ದಿ, ಎಡಗೈಯಲ್ಲಿ ಬಾಯಿಗಿಡುವಷ್ಟರಲ್ಲಿ ಎಲ್ಲ ಎದೆಯ ಮೇಲೆ ಸುರಿಯಿತು. ಮೊಮ್ಮಕ್ಕಳು ಕೈ ತಟ್ಟಿ ನಕ್ಕವು. ಅಪ್ಪ ತಟ್ಟೆ ಸರಿಸಿ ಎದ್ದ. ಅವ್ವ ತಿನ್ನಿಸಬಹುದಿತ್ತು. ಆದರೆ ಆರಡಿ ದೂರದಲ್ಲಿ ಸೊಸೆ ಇದ್ದಾಳೆ. ಸೊಸೆಯ ಎದುರು ಹೆಂಡತಿಯ ಕೈಯಿಂದ ಬಾಯಿಗೆ ಹಾಕಿಸಿಕೊಳ್ಳುವುದು ಅಪ್ಪನಿಗೆ ಬೆತ್ತಲಾದಷ್ಟೇ ಅವಮಾನ. ರಂಜನಿ ಪಾಪ, ಅವನಿಗಾಗಿ ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದಳು. ಬೀದಿಯಲ್ಲಿ ನಿಂತ ಸೊಸೆಯನ್ನು ನೆನೆದು ಅಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ. ಬೆಳಿಗ್ಗೆ, ಸಂಜೆ ಲೋಟದಲ್ಲಿ ಅಂಬಲಿ ಕುಡಿದ. ಎರಡೇ ವಾರದಲ್ಲಿ ಅವನ ಕತ್ತಿನ ಮೂಳೆ ಎದ್ದು ಕಂಡಿತು.

ಆಗ ಅವ್ವ ಒಂದು ದಾರಿ ಕಂಡುಕೊಂಡಳು. ಉದ್ಯಾನದ ಪಂಪ್ ಶೆಡ್ಡಿನ ಹಿಂದೆ ಒಂದು ಚಪ್ಪಡಿ ಕಲ್ಲಿದೆ. ನಡಿಗೆಯ ದಾರಿಗೆ ಅದು ಕಾಣುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಅರ್ಧ ಗಂಟೆ ಅವ್ವನಿಗೆ ಊಟದ ಬಿಡುವು. ಅಪ್ಪ ಹಿನಕಲ್ಲಿನಿಂದ ಬಿಸಿಲಿನಲ್ಲಿ ನಡೆದು ಬರುತ್ತಿದ್ದ. ಅವ್ವ ಡಬ್ಬಿ ಬಿಚ್ಚಿ, ಮುದ್ದೆ ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಅವನ ಬಾಯಿಗಿಡುತ್ತಿದ್ದಳು. ಅವನ ಮೀಸೆಗೆ ಅಂಟಿದ ಸಾರನ್ನು ಸೆರಗಿನಿಂದ ಒರೆಸುತ್ತಿದ್ದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಇಬ್ಬರೂ ಪಕ್ಕಪಕ್ಕ ಕೂತದ್ದನ್ನು ನಾನು ಕಂಡಿರಲಿಲ್ಲ. ನನಗೆ ಅದನ್ನು ತೋರಿಸಿದ್ದು ಒಂದು ಫೋಟೋ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಸಿಬ್ಬಂದಿ ಕೊಠಡಿಯಲ್ಲಿ ಸಹೋದ್ಯೋಗಿ ಸುಚಿತ್ರಾ ಫೋನ್ ಹಿಡಿದು ನನ್ನ ಬಳಿ ಬಂದರು. ಅವರ ಮನೆ ಅದೇ ಬಡಾವಣೆಯಲ್ಲಿದೆ.

“ಭಾನು ಮಿಸ್, ಇದು ನೋಡಿ. ನಮ್ಮ ಪಾರ್ಕ್ ಗ್ರೂಪಲ್ಲಿ ಬಂದಿದೆ. ಅಜ್ಜ ಅಜ್ಜಿ ರೊಮ್ಯಾನ್ಸು!”

ಮಂಗಳಮ್ಮನವರ ಮಹಡಿಯಿಂದ ತೆಗೆದ ಚಿತ್ರ. ಅವ್ವನ ಒಂದು ಕೈ ಅಪ್ಪನ ಬಾಯಿಯ ಬಳಿ, ಇನ್ನೊಂದು ಅವನ ಕೆನ್ನೆಯ ಮೇಲೆ. ಅಪ್ಪ ನಗುತ್ತಿದ್ದ. ಕೆಳಗೆ ಬರೆದಿದ್ದರು: ‘ಜೋಡಿಗಳನ್ನು ಓಡಿಸಬೇಕಾದವಳೇ ಜೋಡಿಯಾಗಿ ಕೂತರೆ ಉದ್ಯಾನದ ಗತಿಯೇನು?’ ಅದರ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿಯ ನಗು. ‘ಈ ವಯಸ್ಸಲ್ಲಿ ಬೇಕಿತ್ತಾ?’ ‘ಶೆಡ್ಡಿನ ಹಿಂದೆ ಇನ್ನೇನೇನು ನಡೆಯುತ್ತೋ!’

ಅಪ್ಪನ ಕೈಯ ಬಟ್ಟೆಯನ್ನು ಆ ಬೆಳಿಗ್ಗೆ ಕಟ್ಟಿದವಳು ನಾನು. ಗಂಟು ನನ್ನದು. ನನ್ನ ಅವ್ವ ಕಸ ಗುಡಿಸುತ್ತಾಳೆ ಎಂದು ಆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಮಜವಾಗಿದೆ ಅಲ್ವಾ?” ಎಂದರು ಸುಚಿತ್ರಾ.

ನಾನು ನಕ್ಕೆ. ಫೋನ್ ಹಿಂದಿರುಗಿಸಿದೆ. ಎಂಟನೇ ತರಗತಿಗೆ ಹೋಗಿ ‘ಮಾತೃದೇವೋಭವ’ ಎಂಬ ಸೂಕ್ತಿಯನ್ನು ವಿಸ್ತರಿಸಿ ಬರೆಯಿರಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ.

ಅಂದು ಸಂಜೆ ರವಿಚಂದ್ರ ಫೋನ್ ಮಾಡಿದರು. ನನ್ನ ನಂಬರನ್ನು ಅವ್ವನಿಂದ ಪಡೆದಿದ್ದರು.

“ಮೇಡಮ್ಮೋರೇ, ನೀವು ಓದಿರೋರು, ನಿಮ್ಗೆ ಅರ್ಥ ಆಯ್ತದೆ. ಮೆಂಬರ್‌ಗಳೆಲ್ಲ ತೆಗೆದಾಕ್ಬುಡಿ ಅಂತಾವ್ರೆ. ನಾನೇ ಬೇಡ ಅಂದೆ. ಒಂದು ಕ್ಷಮಾಪಣೆ ಪತ್ರ, ನಾಕೇ ಸಾಲು. ಭಾನುವಾರ ಸಭೆಲಿ ಓದಿ, ಹೆಬ್ಬೆಟ್ಟು ಒತ್ತಿ, ಬೋರ್ಡಿಗೆ ಅಂಟಿಸ್ಬುಟ್ರೆ ಮುಗ್ದೋಯ್ತು. ನಿಮ್ ತಂದೆ ಇನ್ಮೇಲೆ ಗೇಟ್ ಒಳಕ್ಕೆ ಬರ್ಬಾರ್ದು, ಅಷ್ಟೇಯ.”

“ಅವ್ರಿಗೆ ಕೈ ಏಟಾಗಿದೆ ಸಾರ್. ಊಟ ಮಾಡಿಸ್ತಿದ್ರು” ಎಂದೆ.

“ಅಯ್ಯೋ ಗೊತ್ತು ಬುಡಿ. ನಾನೇನ್ ಮನುಷ್ಯ ಅಲ್ವಾ? ಆದ್ರೆ ಇವತ್ತು ಊಟ ಅಂದ್ರೆ ನಾಳೆ ಕಾಲೇಜ್ ಹುಡುಗ್ರೂ ಐಸ್‌ಕ್ರೀಮ್ ತಿನ್ನಿಸ್ತಿದೀವಿ ಅಂತಾರೆ. ರೂಲ್ಸ್ ಅಂದ್ಮೇಲೆ ಎಲ್ರಿಗೂ ಒಂದೇ.”

ನಾನು ಬರೆಯುತ್ತೇನೆ ಎಂದೆ. ಅಪ್ಪನ ದುಡಿಮೆ ನಿಂತಿತ್ತು. ಅವ್ವನದೂ ನಿಂತರೆ ಏನು ಗತಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವಾದ ಭಯವೇ. ಅದರ ಅಡಿಯಲ್ಲಿ ಇನ್ನೊಂದು ಭಯವಿತ್ತು: ಗದ್ದಲವಾದರೆ ಸುಚಿತ್ರಾಗೆ ತಿಳಿಯುತ್ತದೆ. ಆ ಎರಡನೆಯ ಭಯವೇ ಪತ್ರವನ್ನು ಅಷ್ಟು ಸೊಗಸಾಗಿ ಬರೆಸಿತು.

ಶನಿವಾರ ಸಂಜೆ ಓದಿ ಹೇಳಿದೆ. ‘ಪೂಜ್ಯ ಸಮಿತಿಯವರಲ್ಲಿ ವಿನಮ್ರ ವಿನಂತಿ. ಸಾರ್ವಜನಿಕ ಉದ್ಯಾನದಲ್ಲಿ ನಾನು ಹಾಗೂ ನನ್ನ ಪತಿ ಅಸಭ್ಯವಾಗಿ ವರ್ತಿಸಿ ಬಡಾವಣೆಯ ಘನತೆಗೆ ಕುಂದು ತಂದಿರುತ್ತೇವೆ...’

ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಅಸಭ್ಯ ಅಂದ್ರೆ?”

“ಅಂದ್ರೆ... ಜನದ ಮುಂದೆ ಮಾಡಬಾರದ್ದು.”

“ಉಣ್ಸದಾ?”

ನಾನು ಪತ್ರವನ್ನು ಮಡಚಿದೆ.

“ಕೆನ್ನೆ ಮುಟ್ಟಿದ್ದಾ? ಸಾರು ಮೂಗ್ಗಂಟ ಅಂಟ್ಕಂಡಿತ್ತು ಕನವ್ವ.” ಅವಳು ಮೊರವನ್ನು ಒಮ್ಮೆ ಕೇರಿದಳು. “ನಗ್ತಿದ್ದುದ್ದಾ?”

ಗೋಡೆಗೆ ಒರಗಿದ್ದ ಅಪ್ಪ ಹೇಳಿದ: “ಬುಡು ಮೇ. ನಾನೇ ಬರಕಿಲ್ಲ ಬುಡು. ಅಂಬ್ಲಿ ಕುಡ್ಕಂಡಿರ್ತೀನಿ.”

ಅವ್ವ ಅವನನ್ನು ನೋಡಿದಳು. ಅವನ ಕತ್ತಿನ ಮೂಳೆಯನ್ನು ನೋಡಿದಳು. ಭಾನುವಾರ ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು ಮುದ್ದೆ ಕಟ್ಟಿದಳು. ಸಭೆಗೆ ಡಬ್ಬಿ ಯಾಕೆ ಎಂದು ನಾನು ಕೇಳಲಿಲ್ಲ. ಅಪ್ಪನೂ ನಮ್ಮ ಜೊತೆ ಬಂದ. ಗೇಟಿನ ಹೊರಗೆ ನಿಂತ.

ಸಭೆ ಉದ್ಯಾನದ ಮಂಟಪದಲ್ಲಿ. ಏಳು ಗಂಟೆಯ ಬಿಸಿಲು. ಹನ್ನೊಂದು ಮಂದಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ನನಗೆ ಒಂದು ಕುರ್ಚಿ ಹಾಕಿದರು. ಅವ್ವನಿಗೆ ಹಾಕಲಿಲ್ಲ. ನಾನು ಕೂತೆ. ಅವ್ವ ಪೊರಕೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಹೌದು, ನಾನು ಕೂತೆ.

“ಓದಿ ಮೇಡಮ್ಮೋರೇ” ಎಂದರು ರವಿಚಂದ್ರ.

‘ಪೂಜ್ಯ ಸಮಿತಿಯವರಲ್ಲಿ’ ಎಂದು ಶುರುಮಾಡಿದೆ. ಎರಡನೆಯ ವಾಕ್ಯಕ್ಕೆ ಬಂದೆ.

“ನಿಲ್ಸು ಭಾನು.”

ಅವ್ವನ ಧ್ವನಿ ಗಟ್ಟಿಯಾಗೇನೂ ಇರಲಿಲ್ಲ. ನನ್ನ ಬಾಯಿ ತಾನಾಗಿ ಮುಚ್ಚಿತು.

“ರವಿಚಂದ್ರಪ್ನೋರೇ” ಎಂದಳು. ಆರು ವರ್ಷದಲ್ಲಿ ಅವಳು ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ನನ್ ಗಂಡನ್ ಬಾಯ್ಗೆ ಹಿಟ್ಟಿಟ್ಟಿವ್ನಿ. ಅದ್ರಲ್ಲಿ ತೆಪ್ಪಿಲ್ಲ. ಅದುಕ್ಕೆ ಹೆಬ್ಬೆಟ್ ಒತ್ತಕಿಲ್ಲ ನಾನು.”

“ಏನಮ್ಮಾ ಇದು? ಮೊನ್ನೆ ಮೇಡಮ್ಮೋರು ಒಪ್ಕೊಂಡು ಇವತ್ತು...”

“ತೆಪ್ಪು ಮಾಡೇ ಇಲ್ಲ ಅಂತಿಲ್ಲ. ಮಾಡಿವ್ನಿ. ಮೂರ್ ವರ್ಸ ಮಾಡಿವ್ನಿ. ನೀವ್ ಗಲ್ಲ ಎತ್ತಿ ತೋರ್ಸಿದ್ ಮಕ್ಕಳ್ ಮ್ಯಾಲೆ ದೂಳೆರಚಿವ್ನಿ. ಆ ಹೆಣ್ಣು ಕೈ ಮುಗುದ್ಲು. ಅವಳ್ ಕಣ್ಣಿಗ್ ಮಣ್ಣಾಕ್ದೆ. ಭಾನು, ಅದ ಬರಿ. ಅದುಕ್ಕೆ ಹೆಬ್ಬೆಟ್ ಒತ್ತೀನಿ, ಬೋರ್ಡಿಗೆ ನಾನೇ ಅಂಟಿಸ್ತೀನಿ.”

ಯಾರೋ “ಇದೊಳ್ಳೆ ಕತೆ ಆಯ್ತಲ್ಲ” ಎಂದರು. ಮಂಗಳಮ್ಮ ಕಾಫಿಯ ಲೋಟವನ್ನು ನೆಲಕ್ಕಿಟ್ಟರು. “ನೋಡ್ದ್ರಾ? ನಿಮ್ ಕಡೆಯೋರ್ಗೆ ಸಲುಗೆ ಕೊಟ್ರೆ ಇಷ್ಟೇಯ.”

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಓದಿದವಳು ತಾಯಿಗೆ ಬುದ್ಧಿ ಹೇಳುತ್ತಾಳೆ ಎಂಬ ನಿರೀಕ್ಷೆ ಆ ಹನ್ನೊಂದು ಮುಖಗಳಲ್ಲೂ ಇತ್ತು. ಆ ನಿರೀಕ್ಷೆಯೇ ನನಗೆ ಹಾಕಿದ ಕುರ್ಚಿ. ನಾನು ಎದ್ದೆ. ನೆಲದ ಮೇಲೆ ಮಂಡಿಯೂರಿ, ಪತ್ರವನ್ನು ಮಗುಚಿ, ಅದೇ ಕುರ್ಚಿಯ ಮೇಲಿಟ್ಟು ಅದರ ಬೆನ್ನಿಗೆ ಬರೆದೆ. ಅವ್ವ ಒಂದೊಂದೇ ಮಾತು ಹೇಳಿದಳು, ನಾನು ಹೇಳಿದ ಹಾಗೆಯೇ ಬರೆದೆ. ‘ಮಕ್ಕಳಾ, ನಾನು ಪುಟ್ಟಲಿಂಗಮ್ಮ. ನಿಮ್ ಮ್ಯಾಲೆ ದೂಳೆರಚಿದೋಳು ನಾನು. ಇವ್ರು ಹೇಳಿದ್ರು, ನಾನು ಮಾಡ್ದೆ. ಇನ್ ಮಾಡಕಿಲ್ಲ. ಬಂದು ಕೂತ್ಕಳಿ.’

ಶಾಯಿ ಇರಲಿಲ್ಲ. ಅವ್ವ ಹೆಬ್ಬೆರಳನ್ನು ನೀರು ಹಾಕಿದ ಗಿಡದ ಬುಡದ ಒದ್ದೆ ಮಣ್ಣಿಗೆ ಒತ್ತಿ ಕಾಗದಕ್ಕೆ ಒತ್ತಿದಳು. ನೇರ ಹೋಗಿ ಫಲಕಕ್ಕೆ ಸಿಕ್ಕಿಸಿ ಬಂದಳು.

“ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ” ಎಂದರು ರವಿಚಂದ್ರ. ಅವರ ಕತ್ತು ಕೆಂಪಾಗಿತ್ತು.

“ನಾಳೆಗಂಟ ಯಾಕೆ?” ಎಂದಳು ಅವ್ವ. ಪೊರಕೆಯನ್ನು ಮಂಟಪದ ಮೆಟ್ಟಿಲ ಮೇಲೆ, ಅವರ ಕಾಲಬಳಿ ಮಲಗಿಸಿದಳು. “ಗುಡ್ಸೋಳು ಈಗ್ಲೇ ಹೋದ್ಲು. ಈಗ ನಾನು ಪಾರ್ಕಿಗೆ ಬಂದಿರೋಳು.”

ಅವಳು ಗೇಟಿನ ಕಡೆ ತಿರುಗಿ ಕೂಗಿದಳು. “ಬಾ ಇಲ್ಲಿ!”

ಅಪ್ಪ ಅತ್ತಿತ್ತ ನೋಡಿದ. ಅವ್ವ ಮತ್ತೆ ಕೂಗಿದಳು. ಅವನು ಸುತ್ತಿದ ಕೈಯನ್ನು ಎದೆಗೆ ಅವುಚಿಕೊಂಡು, ನಡಿಗೆಯ ದಾರಿಯ ಅಂಚಿನಲ್ಲೇ ನಡೆದು ಬಂದ. ಪಂಪ್ ಶೆಡ್ಡಿನ ಕಡೆ ತಿರುಗಿದವನನ್ನು ಅವ್ವ ತೋಳು ಹಿಡಿದು ನಿಲ್ಲಿಸಿದಳು. ಮಂಟಪಕ್ಕೆ ಎದುರಾಗಿರುವ ಬೆಂಚಿನ ಮೇಲೆ ಕೂರಿಸಿದಳು. ತಾನೂ ಕೂತಳು, ಮೈಗೆ ಮೈ ತಾಗುವಂತೆ. ಡಬ್ಬಿ ಬಿಚ್ಚಿದಳು.

“ಏಯ್, ಎಬ್ಬಿಸ್ರಿ ಅವ್ರನ್ನ!” ಎಂದು ರವಿಚಂದ್ರ ಕಿರುಚಿದರು.

ಯಾರಿಗೆ ಹೇಳಿದರು? ಎಬ್ಬಿಸುವವಳು ಬೆಂಚಿನ ಮೇಲೆ ಕೂತಿದ್ದಾಳೆ. ಪೊರಕೆ ಮೆಟ್ಟಿಲ ಮೇಲಿದೆ. ಹನ್ನೊಂದು ಮಂದಿಯೂ ಅದನ್ನು ನೋಡಿದರು. ಒಬ್ಬರೂ ಬಗ್ಗಲಿಲ್ಲ. ಮಂಗಳಮ್ಮ ಅದು ತಾಗದ ಹಾಗೆ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಪಕ್ಕಕ್ಕೆ ಸರಿದರು. ಇವರ ಸಭ್ಯತೆಯನ್ನು ಇಷ್ಟು ದಿನ ಕಾಪಾಡಿದ್ದು ನನ್ನ ಅವ್ವನ ಸೊಂಟ. ಅದನ್ನು ತಾವೇ ಕಾಪಾಡಿಕೊಳ್ಳಬೇಕಾದ ಗಳಿಗೆಯಲ್ಲಿ ಇವರಿಗೆ ಬಗ್ಗಲು ಬರಲಿಲ್ಲ.

ನಾಲ್ಕೈದು ಫೋನುಗಳು ಮೇಲೆದ್ದವು. ಒಂದು ಫೋನಿನ ಕಣ್ಣು ನನ್ನ ಕಡೆ ತಿರುಗಿತು. ನಾನು ಹೋಗಿ ಅಪ್ಪನ ಇನ್ನೊಂದು ಪಕ್ಕ ಕೂತೆ. ಸೋಮವಾರ ಸುಚಿತ್ರಾ ನನ್ನನ್ನೂ ನೋಡಲಿ.

ಅವ್ವ ತುತ್ತು ಅದ್ದಿ ಎತ್ತಿ ಹಿಡಿದಳು. ಅಪ್ಪ ಬಾಯಿ ತೆರೆಯಲಿಲ್ಲ. ಅವನ ಕಣ್ಣು ಆ ಫೋನುಗಳ ಮೇಲಿತ್ತು. ತುಟಿ ಬಿಗಿದಿತ್ತು. ಸಾರು ಅವ್ವನ ಮುಂಗೈಯಿಂದ ಮೊಣಕೈಗೆ ಇಳಿಯಿತು. ಅವಳು ಕೈ ಇಳಿಸಲಿಲ್ಲ.

“ಅವ್ರು ನೋಡ್ತಾವ್ರೆ ಕನಮ್ಮಿ” ಎಂದ, ತುಟಿಯೊಳಗೆ.

“ನೋಡ್ಲಿ. ಬಾಯ್ ತಗಿ.”

ಅಪ್ಪ ಬಾಯಿ ತೆರೆದ.

ತುತ್ತು ನುಂಗಿದ. ಇನ್ನೊಂದು ನುಂಗಿದ. ಮೂರನೆಯದನ್ನು ಬಾಯಲ್ಲಿ ಒಮ್ಮೆ ಹೊರಳಿಸಿ, ಮುಖ ಕಿವಿಚಿ, ಮಂಟಪಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ: “ಉಪ್ಪೇ ಹಾಕಿಲ್ವಲ್ಲ ಮೇ ಸಾರ್ಗೆ!”

“ಬೆಳಿಗ್ಗೆ ಗ್ಯಾನ ಇರ್ನಿಲ್ಲ” ಎಂದಳು ಅವ್ವ, ಅವನ ಮೀಸೆ ಒರೆಸುತ್ತಾ. “ನಾಳೆ ಸರ್ಯಾಗ್ ಹಾಕಂಡ್ ಬತ್ತೀನಿ. ಇದೇ ಬೆಂಚಿಗೆ ಬಾ.”